ಕೂಸನ್ನು ಫೋನಿಗೆ ಕೊಡಿ

ನಮ್ಮ ಹಳೆಯ ಮಕ್ಕಳ ವಾರ್ಡಿಗೆ ಹೊಸದಾಗಿ ಸೇರಿದ ಡಾಕ್ಟರ್ ಹುಡುಗಿಯೊಬ್ಬಳು ಈಚೆಗೆ ನನ್ನನ್ನು ನೋಡಲು ಮನೆಗೆ ಬಂದಿದ್ದಳು. ಆಸ್ಪತ್ರೆಯಿಂದ ಮನೆಗೆ ಹೋದ ಮಕ್ಕಳನ್ನು ಮೊಬೈಲಿನ ಪರದೆಯಲ್ಲಿ ನೋಡಿ ವಿಚಾರಿಸಿಕೊಳ್ಳುವುದು ಆಕೆಗೆ ಕೊಟ್ಟಿರುವ ಕೆಲಸ. "ಮ್ಯಾಡಮ್, ನಿಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಅಲ್ವಾ?" ಎಂದು ಕೇಳಿದಳು. ಬೆಂಗಳೂರಿನ ಕಡೆಯವಳು. ಇತ್ತು, ಆದರೆ ಅದಕ್ಕೆ ಹೆಸರಿರಲಿಲ್ಲ ಎಂದೆ. ಹೆಸರಿಲ್ಲದ ಕೆಲಸವನ್ನು ನಂಬುವುದು ಅವಳಿಗೆ ಕಷ್ಟವಾದಂತೆ ಕಂಡಿತು. ಚಹಾ ಆರುವುದರೊಳಗೆ ಅರ್ಧ ಹೇಳಿದೆ. ಉಳಿದರ್ಧಕ್ಕೆ ಅವಳ ಬಸ್ಸಿನ ಹೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು, ಪೇಟೆಯೊಳಗಿನ ಒಂದು ಟ್ರಸ್ಟ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಡಾಕ್ಟರಾಗಿ ಕೆಲಸಕ್ಕೆ ಸೇರಿದೆ, ಅಲ್ಲಿಯೇ ನಿವೃತ್ತಳಾದೆ. ನಡುವೆ ಯಾವಾಗ ಯಾವ ಹುದ್ದೆಗೇರಿದೆ ಎನ್ನುವುದು ಆಸ್ಪತ್ರೆಯ ಕಚೇರಿಗೆ ಗೊತ್ತಿದೆ. ಮಕ್ಕಳಿಗೆ ಎಂದೂ ಗೊತ್ತಾಗಲಿಲ್ಲ. ಅವರು ಮೊದಲ ದಿನ ಎಷ್ಟು ಜೋರಾಗಿ ಒದೆಯುತ್ತಿದ್ದರೋ ಕೊನೆಯ ದಿನವೂ ಅಷ್ಟೇ ಜೋರಾಗಿ ಒದೆಯುತ್ತಿದ್ದರು.

ವಿಭಾಗದ ಮುಖ್ಯಸ್ಥರು ಪರಾಂಜಪೆ ಸರ್, ಮಕ್ಕಳ ಸರ್ಜನ್. ಎತ್ತರದ ಆಳು, ದೊಡ್ಡ ಕೈ, ಕಡಿಮೆ ಮಾತು. ಮಗುವಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ನಿದ್ದೆ ಬಂತೇನೋ ಎಂದು ನಮಗೆ ಸಂಶಯ ಬರುವ ಹೊತ್ತಿಗೆ ಕಣ್ಣು ತೆರೆದು ರೋಗ ಏನೆಂದು ಹೇಳುತ್ತಿದ್ದರು. ಮುಟ್ಟದೆ ಹೇಳುವುದೆಲ್ಲ ಜ್ಯೋತಿಷ್ಯ ಎಂಬುದು ಅವರ ಮತ. ವಾರ್ಡಿನಲ್ಲಿ ಕರಿಯ ಬಣ್ಣದ ಒಂದು ಫೋನಿತ್ತು. ಅದರ ಡಯಲಿಗೆ ಒಂದು ಸಣ್ಣ ಬೀಗ ಇತ್ತು, ಬೀಗದ ಕೈ ಅವರ ಬಿಳಿ ಕೋಟಿನ ಜೇಬಿನಲ್ಲಿತ್ತು.

ತೊಂಬತ್ತರ ದಶಕದ ನಡುಭಾಗದ ಮಾತು. ನಮ್ಮಲ್ಲಿಗೆ ಶಿರೂರು, ಭೋರ್, ರಾಂಜಣಗಾಂವ, ಹೀಗೆ ಸುತ್ತಲ ಊರುಗಳಿಂದ ಮಕ್ಕಳು ಬರುತ್ತಿದ್ದರು. ಗುಣವಾಗಿ ಹೋಗುತ್ತಿದ್ದರು. 'ಮತ್ತೆ ಬಂದು ತೋರಿಸಿ' ಎಂದು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆವು. ಯಾರೂ ಬರುತ್ತಿರಲಿಲ್ಲ. ಬಸ್ಸು ಹಿಡಿದು ಬಂದು, ಸಾಲಿನಲ್ಲಿ ಕಾದು, 'ಎಲ್ಲ ಚೆನ್ನಾಗಿದೆ' ಅನ್ನಿಸಿಕೊಂಡು ಹೋಗಲು ಒಂದು ದಿನದ ಕೂಲಿ ಬಿಡುವವರು ಯಾರು? ಬಂದರೆ ಮಗುವಿನ ಸ್ಥಿತಿ ಪೂರ್ತಿ ಕೆಟ್ಟ ಮೇಲೆಯೇ ಬರುತ್ತಿದ್ದರು. ಆಗ ಪರಾಂಜಪೆ ಸರ್ ತಾಯಂದಿರನ್ನು ಬೈಯುತ್ತಿದ್ದರು, ತಾಯಂದಿರು ಅಳುತ್ತಿದ್ದರು, ಮಗುವನ್ನು ಮತ್ತೆ ಭರ್ತಿ ಮಾಡಿಕೊಳ್ಳುತ್ತಿದ್ದೆವು.

ಒಂದು ದಿನ ನಾನು ಸರ್ ಎದುರಿಗೆ ನಿಂತು ಹೇಳಿದೆ. ಅವರು ಬರದಿದ್ದರೆ ನಾವೇ ಫೋನು ಮಾಡಿ ಕೇಳೋಣ. ಈಗ ಊರೂರಿಗೆ ಎಸ್‌ಟಿಡಿ ಬೂತುಗಳಾಗಿವೆ. ಡಿಸ್ಚಾರ್ಜ್ ಆಗುವಾಗಲೇ ಹತ್ತಿರದ ಬೂತಿನ ನಂಬರು ತೆಗೆದುಕೊಳ್ಳೋಣ.

ಸರ್ ನನ್ನನ್ನು ನೋಡಿದರು, ಫೋನನ್ನು ನೋಡಿದರು. "ಡಾಕ್ಟರ್ ಬಾಯಿ, ಈ ಫೋನಿಗೆ ಹೊಟ್ಟೆ ಎಲ್ಲಿದೆ? ಎಲ್ಲಿ ಕೈಯಿಡಲಿ?" ಎಂದು ಮರಾಠಿಯಲ್ಲಿ ಕೇಳಿದರು. ಆದರೂ ಗುರುವಾರ ಮಧ್ಯಾಹ್ನ ಬೀಗ ತೆಗೆದುಕೊಡಲು ಒಪ್ಪಿದರು. ತಾವೇ ಬಂದು ತೆಗೆಯುತ್ತಿದ್ದರು. ಹೊತ್ತು ಮುಗಿದ ಕೂಡಲೇ ತಾವೇ ಬಂದು ಹಾಕುತ್ತಿದ್ದರು.

ಶುರುವಿನ ವಾರಗಳಲ್ಲಿ ನಾನು ಕಲಿತದ್ದು ಒಂದೇ. ಮಗು ಹೇಗಿದೆ ಎಂದು ಕೇಳಬಾರದು. ಕೇಳಿದರೆ ಮರಾಠಿಯವರು 'ಬರಂ ಆಹೆ', ಅಂದರೆ ಚೆನ್ನಾಗಿದೆ, ಅನ್ನುತ್ತಾರೆ, ನಮ್ಮವರು 'ಆರಾಮ ಐತ್ರಿ' ಅನ್ನುತ್ತಾರೆ. ಎರಡರ ಅರ್ಥವೂ 'ಫೋನು ಮಾಡಿದ್ದಕ್ಕೆ ಸಂತೋಷ' ಎಂದಷ್ಟೇ. ಶಿರೂರಿನ ತಾಯಿಯೊಬ್ಬಳು ಆರಾಮ ಎಂದು ಹೇಳಿದ ಮೂರನೆಯ ದಿನ ಮಗುವನ್ನು ಹೊತ್ತುಕೊಂಡು ಬಂದಳು. ನ್ಯುಮೋನಿಯಾ ಮತ್ತೆ ಮರಳಿತ್ತು. "ಫೋನಿನಲ್ಲಿ ಆರಾಮ ಅಂದಿರಲ್ಲ?" ಎಂದೆ. "ಅತ್ತೆ ಪಕ್ಕದಲ್ಲೇ ನಿಂತಿದ್ದರು" ಎಂದಳು.

ಆಮೇಲೆ ಪ್ರಶ್ನೆ ಬದಲಿಸಿದೆ. ಈಗ ಈ ಗಳಿಗೆಯಲ್ಲಿ ಕೂಸು ಏನು ಮಾಡುತ್ತಿದೆ? ಇವತ್ತು ಬೆಳಿಗ್ಗೆಯಿಂದ ಏನು ತಿಂದಿದೆ? ಅದಕ್ಕೂ ಸರಿಯಾದ ಉತ್ತರ ಬರದಿದ್ದರೆ, ಕೂಸನ್ನು ಫೋನಿಗೆ ಕೊಡಿ ಅನ್ನುತ್ತಿದ್ದೆ. ತಾಯಂದಿರು ಮೊದಲು ನಗುತ್ತಿದ್ದರು. ಆಮೇಲೆ ರಿಸೀವರನ್ನು ಮಗುವಿನ ಬಾಯಿಗೆ ಹಿಡಿಯುತ್ತಿದ್ದರು. ಕಫದ ಉಸಿರು ಕೇಳುತ್ತದೆ. ಕೆಮ್ಮು ಒಣಗಿದ್ದೋ ಹಸಿಯೋ ತಿಳಿಯುತ್ತದೆ. ಕೆಲವು ಮಕ್ಕಳು ರಿಸೀವರನ್ನು ಕಚ್ಚುತ್ತಿದ್ದವು. ಹಲ್ಲು ಬಂದಿದೆ ಎಂದು ಗುರುತು ಮಾಡಿಕೊಳ್ಳುತ್ತಿದ್ದೆ.

ಭೋರ್ ಪೇಟೆಯಲ್ಲಿ ಒಬ್ಬ ದರ್ಜಿ ಇದ್ದ. ಅವನ ಐದು ವರ್ಷದ ಮಗನಿಗೆ ಮೂತ್ರಪಿಂಡದ ತೊಂದರೆ. ಮೈಗೆ ಬೇಕಾದ ಸತ್ವ ಮೂತ್ರದಲ್ಲಿ ಸೋರಿಹೋಗಿ ಮೈ ಊದಿಕೊಳ್ಳುತ್ತಿತ್ತು. ಇಂಥ ಮಕ್ಕಳಿಗೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಬೆಳಗಿನ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಕಾಯಿಸಿ ನೋಡಬೇಕು. ತಿಳಿಯಾಗಿದ್ದರೆ ಒಳ್ಳೆಯದು, ಬೆಳ್ಳಗೆ ಒಡೆದರೆ ರೋಗ ಮರಳಿದೆ ಎಂದರ್ಥ. ದರ್ಜಿ ಇದನ್ನು ತಪ್ಪದೆ ಮಾಡುತ್ತಿದ್ದ. ಆದರೆ ಫೋನು ಇದ್ದದ್ದು ಅವನ ಅಂಗಡಿಯ ಎದುರಿನ ಕಿರಾಣಿ ಅಂಗಡಿಯಲ್ಲಿ. ಗಿರಾಕಿಗಳ ನಡುವೆ ನಿಂತು ಮೂತ್ರದ ವಿಷಯ ಕೂಗಿ ಹೇಳಲು ಅವನಿಗೆ ನಾಚಿಕೆ. ಅದಕ್ಕೆ 'ಹಾಲು' ಎಂದು ಹೇಳುವುದಾಗಿ ನನ್ನೊಡನೆ ಮಾತಾಡಿಕೊಂಡ. ಹಾಲು ಚೆನ್ನಾಗಿದೆ, ಅಥವಾ ಹಾಲು ಒಡೆದಿದೆ.

ಒಂದು ಗುರುವಾರ ನಾನು ರಜೆಯಲ್ಲಿದ್ದೆ. ಹೊಸದಾಗಿ ಬಂದಿದ್ದ ಜೂನಿಯರ್ ಡಾಕ್ಟರ್ ನನ್ನ ಬದಲು ಫೋನು ಮಾಡಿದ. ದರ್ಜಿ ಗಾಬರಿಯಿಂದ, "ಸಾಹೇಬ, ಮೂರು ದಿನದಿಂದ ಹಾಲು ಒಡೆಯುತ್ತಾ ಇದೆ" ಎಂದ. ನಮ್ಮ ಡಾಕ್ಟರ್ ಒಳ್ಳೆಯವನು. ಪಾತ್ರೆ ಚೆನ್ನಾಗಿ ತೊಳೆಯಬೇಕೆಂದೂ, ಬೇರೆ ಗೌಳಿಯಿಂದ ಹಾಲು ತರಿಸಬೇಕೆಂದೂ ಸಲಹೆ ಕೊಟ್ಟ. ಆಗ ದರ್ಜಿ ಪೇಟೆಯ ನಡುವೆ ನಿಂತು, ಇಷ್ಟು ದಿನ ಯಾವ ಮಾತನ್ನು ಮುಚ್ಚಿಟ್ಟಿದ್ದನೋ ಅದನ್ನು ಇಡೀ ಭೋರ್‌ಗೆ ಕೇಳುವಂತೆ ಹೇಳಿದ. ಮಗುವನ್ನು ಅಂದೇ ಕರೆತಂದ, ಔಷಧಿ ಶುರುವಾಯಿತು, ಹುಡುಗ ಸುಧಾರಿಸಿದ. ಅಂದಿನಿಂದ ಸಂಕೇತದ ಕೆಲಸವೇ ಇರಲಿಲ್ಲ. ನಾನು ಫೋನು ಮಾಡಿದರೆ ಕಿರಾಣಿ ಅಂಗಡಿಯವನೇ ಎತ್ತಿಕೊಂಡು, "ಇವತ್ತು ತಿಳಿ ಇದೆ ಮ್ಯಾಡಮ್, ನಾವೆಲ್ಲ ನೋಡಿದೆವು" ಅನ್ನುತ್ತಿದ್ದ.

ಇನ್ನು ರಾಂಜಣಗಾಂವದ ಕೂಸಿನ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನೀಲವ್ವ ಎಂಬ ಹುಡುಗಿ. ಹೌದು, ತಾಯಿಯಾಗಿದ್ದರೂ ಹುಡುಗಿಯೇ. ವಿಜಾಪುರದ ಕಡೆಯವಳು. ಗಂಡ ಮಲ್ಲಪ್ಪ ರಾಂಜಣಗಾಂವದಲ್ಲಿ ಹೊಸದಾಗಿ ಎದ್ದ ಕಾರ್ಖಾನೆಯೊಂದರಲ್ಲಿ ವೆಲ್ಡರ್. ಅವರ ಚೊಚ್ಚಲ ಮಗು ಸವಿತಾ. ಹುಟ್ಟಿದಾಗಿನಿಂದ ತಲೆಯಲ್ಲಿ ನೀರು ತುಂಬಿಕೊಳ್ಳುವ ತೊಂದರೆ. ಪರಾಂಜಪೆ ಸರ್ ಆಪರೇಷನ್ ಮಾಡಿ, ತಲೆಯಿಂದ ಹೊಟ್ಟೆಗೆ ಚರ್ಮದ ಕೆಳಗೆ ಒಂದು ತೆಳು ನಳಿಕೆ ಹಾಕಿದ್ದರು. ಹೆಚ್ಚಾದ ನೀರು ಅದರಲ್ಲಿ ಇಳಿದುಹೋಗುತ್ತದೆ. ನಳಿಕೆ ಕೆಲಸ ಮಾಡುವವರೆಗೆ ಮಗು ಎಲ್ಲ ಮಕ್ಕಳಂತೆ. ಎಲ್ಲಿಯಾದರೂ ಕಟ್ಟಿಕೊಂಡರೆ ತಲೆಯೊಳಗೆ ಒತ್ತಡ ಏರುತ್ತದೆ, ಮಗು ಉಳಿಯುವುದು ಕಷ್ಟ.

ನೀಲವ್ವನಿಗೆ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ವಾರ್ಡಿನಲ್ಲಿ ಕನ್ನಡದವಳು ನಾನೊಬ್ಬಳೇ. ಹೀಗಾಗಿ ಅವಳು ನನಗೆ ಅಂಟಿಕೊಂಡಳು. ಸವಿತಾ ವಾರ್ಡಿನಲ್ಲಿದ್ದಷ್ಟು ದಿನ ಬಿಡದೆ ಅಳುತ್ತಿತ್ತು. ಅಂಥ ಅಳುವನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಪಕ್ಕದ ಹಾಸಿಗೆಯವರು ಬೇರೆ ವಾರ್ಡ್ ಕೇಳಿಕೊಂಡು ಹೋದರು. ಡಿಸ್ಚಾರ್ಜ್ ಆದ ದಿನ ಸಿಸ್ಟರ್‌ಗಳು ಬಾಗಿಲ ತನಕ ಹೋಗಿ ಕಳಿಸಿಬಂದರು. ಅದರಲ್ಲಿ ಪ್ರೀತಿ ಎಷ್ಟಿತ್ತೋ ನಿಖರವಾಗಿ ಹೇಳಲಾರೆ.

ಅವರ ಚಾಳಿನ, ಅಂದರೆ ಸಾಲುಮನೆಗಳ ವಠಾರದ, ಹತ್ತಿರ ಕದಮ್ ಎಂಬವರ ಎಸ್‌ಟಿಡಿ ಬೂತು. ಐವತ್ತು ದಾಟಿದ ಮನುಷ್ಯ, ಎಲ್ಲರೂ ಕದಮ್ ಮಾಮಾ ಅನ್ನುತ್ತಿದ್ದರು. ನಾನು ಫೋನು ಮಾಡಿದರೆ ಮಾಮಾ ಒಬ್ಬರನ್ನು ಚಾಳಿಗೆ ಓಡಿಸುತ್ತಿದ್ದರು, ನೀಲವ್ವ ಕೂಸನ್ನು ಎತ್ತಿಕೊಂಡು ಬರುತ್ತಿದ್ದಳು. ಅವಳು ಬರುವತನಕ ಮಾಮಾ ತಮ್ಮ ವರದಿ ಕೊಡುತ್ತಿದ್ದರು. "ಮ್ಯಾಡಮ್, ಮಗು ನಿನ್ನೆ ಕಂಡಿತ್ತು. ತಲೆ ಸರಿಯಾಗಿ ನಿಲ್ಲಿಸುತ್ತದೆ. ಕಣ್ಣು ಚುರುಕು." ಆಸ್ಪತ್ರೆಯವರು ತಮ್ಮನ್ನು ಆ ಊರಿಗೆ ನೇಮಿಸಿದ್ದಾರೆ ಎಂದೇ ಅವರ ಭಾವನೆ. ನಾನೂ ಅದನ್ನು ತಿದ್ದಲು ಹೋಗಲಿಲ್ಲ.

ಒಂದು ಗುರುವಾರ ಹೊತ್ತು ಮುಗಿಯುತ್ತಾ ಬಂದಿತ್ತು. ಪರಾಂಜಪೆ ಸರ್ ಬೀಗ ಹಾಕಲು ಬಂದು, ಬೀಗದ ಕೈ ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದರು. ಕೊನೆಯ ಫೋನು ನೀಲವ್ವನದು.

"ನೀಲವ್ವಾ, ಸವಿತಾ ಈಗ ಏನ್ ಮಾಡ್ಲಿಕತ್ತಾಳ?"

"ಮಲಗ್ಯಾಳ್ರಿ ಬಾಯಾರ. ಭಾಳ ಶಾಣ್ಯಾ ಆಗ್ಯಾಳ್ರಿ ಈಗ. ಅಳೂದ ಬಿಟ್ಟಾಳ."

ನನಗೂ ಒಂದು ಕ್ಷಣ ಸಂತೋಷವಾಯಿತು. ಸರ್ ಕಡೆ ತಿರುಗಿ ಮರಾಠಿಯಲ್ಲಿ, "ನಮ್ಮ ಸವಿತಾ ಅಳುವುದು ಬಿಟ್ಟಳಂತೆ" ಎಂದೆ.

ಸರ್ ನಗಲಿಲ್ಲ. "ಯಾವಾಗಿನಿಂದ?" ಎಂದರು.

ಕೇಳಿದೆ. "ಸೋಮವಾರದಿಂದ್ರಿ" ಎಂದಳು ನೀಲವ್ವ.

"ಹಾಲು ಕುಡೀತಾಳೇನು?"

"ಕುಡೀತಾಳ್ರಿ, ಕುಡದದ್ದೆಲ್ಲಾ ಕಾರ್ಕೋತಾಳ. ಮತ್ತ ಮಲಗತಾಳ. ಎಬ್ಬಿಸಿದ್ರ ಕಣ್ಣ ತಗೀತಾಳ, ಮ್ಯಾಲ ನೋಡೂದಿಲ್ಲ, ಕೆಳಗ ನೋಡತಾಳ್ರಿ. ನನಗ ಅಂಜಿಕಿ ಏನಿಲ್ರಿ, ಚಾಳದಾಗಿನ ಮಂದಿ ಎಲ್ಲಾ ಅಂತಾರ, ಕೂಸು ಸುಧಾರಿಸೇತಿ ಅಂತ."

ಅದನ್ನು ಸರ್‌ಗೆ ಮರಾಠಿಯಲ್ಲಿ ಹೇಳಿ, ನೀಲವ್ವನಿಗೆ ಅಂದೆ: "ಕೂಸನ್ನ ಫೋನಿಗೆ ಕೊಡು."

ಏನೂ ಕೇಳಿಸಲಿಲ್ಲ. ಬೂತಿನ ಫ್ಯಾನು ಮಾತ್ರ ಕೇಳುತ್ತಿತ್ತು. "ಅಂಗಾಲಿಗೆ ಸ್ವಲ್ಪ ಚಿವುಟು ನೀಲವ್ವಾ" ಎಂದೆ. ಒಂದು ಸಣ್ಣ ಸದ್ದು ಬಂತು. ಎಣ್ಣೆ ಕಾಣದ ಬಾಗಿಲಿನದ್ದಿರಬೇಕು ಅನ್ನುವಂಥದ್ದು. ಇಡೀ ವಾರ್ಡನ್ನು ಓಡಿಸಿದ ಕೂಸಿನ ಸದ್ದು ಅದಾಗಿರಲಿಲ್ಲ. ಅಷ್ಟರಲ್ಲಿ ಲೈನು ಕಡಿಯಿತು.

ನಾನು ಹೇಳುವ ಮೊದಲೇ ಸರ್ ರಿಸೀವರನ್ನು ನನ್ನ ಕೈಯಿಂದ ತೆಗೆದುಕೊಂಡಿದ್ದರು. ತಾವೇ ಡಯಲ್ ತಿರುಗಿಸಿದರು. ಎಂಗೇಜ್. ಮತ್ತೆ ತಿರುಗಿಸಿದರು. ಎಂಗೇಜ್. ಸ್ಟೂಲ್ ಎಳೆದುಕೊಂಡು ಕೂತರು. ಹೊರಗೆ ಅವರ ರೋಗಿಗಳು ಕಾಯುತ್ತಿದ್ದರು, ಒಬ್ಬಿಬ್ಬರು ಬಾಗಿಲಲ್ಲಿ ಇಣುಕಿ ನೋಡಿದರು. ಅವರು ಡಯಲ್ ತಿರುಗಿಸುತ್ತಲೇ ಇದ್ದರು. ಆ ದೊಡ್ಡ ಬೆರಳು ಡಯಲಿನ ತೂತಿನಲ್ಲಿ ಸರಿಯಾಗಿ ಹೋಗುತ್ತಿರಲಿಲ್ಲ. ನಾನು ಮಾಡುತ್ತೇನೆ ಎಂದರೂ ಕೊಡಲಿಲ್ಲ.

ಕೊನೆಗೆ ಸಿಕ್ಕಿತು. ರಾಂಜಣಗಾಂವಕ್ಕೆ ಫೋನಿಲ್ಲದೆಯೇ ಕೇಳಬಹುದಾದ ದನಿಯಲ್ಲಿ ಸರ್ ಕದಮ್ ಮಾಮಾಗೆ ಹೇಳಿದರು: "ಆ ಮಗು ನಿದ್ದೆ ಮಾಡುತ್ತಿಲ್ಲ. ಪ್ರಜ್ಞೆ ತಪ್ಪುತ್ತಿದೆ. ಇವತ್ತೇ, ಈಗಲೇ ನನ್ನ ಮುಂದೆ ಇರಬೇಕು."

"ಬಸ್ಸು ಈಗತಾನೆ ಹೋಯಿತು ಸಾಹೇಬ" ಎಂದರಂತೆ ಮಾಮಾ.

"ಬಸ್ಸಿನ ವಿಷಯ ನಾನು ಕೇಳಿಲ್ಲ."

"ಸರಿ ಸಾಹೇಬ."

ಮುಂದಿನದನ್ನು ಮಾಮಾ ಆಮೇಲೆ ಹೇಳಿದ್ದು. ಬೂತಿನಲ್ಲಿ ಇದ್ದವರನ್ನು ಹೊರಗೆ ಹಾಕಿ ಬಾಗಿಲು ಎಳೆದರು. ಮಲ್ಲಪ್ಪನಿಗೆ ಅವತ್ತು ವಾರದ ರಜೆ, ಅವನು ಎಲ್ಲಿ ಹೋಗಿದ್ದನೋ ಯಾರಿಗೂ ಗೊತ್ತಿರಲಿಲ್ಲ. ಅವನನ್ನು ಹುಡುಕುತ್ತಾ ಕೂರದೆ ಮಾಮಾ ನಡು ರಸ್ತೆಗೆ ಇಳಿದು, ಟೊಮೆಟೊ ತುಂಬಿಕೊಂಡು ಪುಣೆಗೆ ಹೊರಟಿದ್ದ ಟೆಂಪೊಗೆ ಅಡ್ಡ ನಿಂತರು. ಡ್ರೈವರ್ ಪಕ್ಕದಲ್ಲಿ ನೀಲವ್ವನನ್ನು ಕೂರಿಸಿದರು. ಅವಳಿಗೆ ಭಾಷೆ ಬಾರದು, ಒಬ್ಬಳನ್ನೇ ಕಳಿಸುವುದು ಹೇಗೆ? ತಾವು ಹಿಂದೆ ಟೊಮೆಟೊ ಬುಟ್ಟಿಗಳ ಮೇಲೆ ಹತ್ತಿ ಕೂತರು.

ಅವರು ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಸರ್ ಮೆಟ್ಟಿಲ ಹತ್ತಿರವೇ ನಿಂತಿದ್ದರು. ಕೂಸಿನ ನೆತ್ತಿಯ ಮೇಲೆ ಬೆರಳಿಟ್ಟರು. ಮೆತ್ತಗಿರಬೇಕಾದ ನೆತ್ತಿ ಉಬ್ಬಿ ಬಿಗಿದಿತ್ತು. ಈ ಬಾರಿ ಅವರು ಕಣ್ಣು ಮುಚ್ಚಲಿಲ್ಲ. ಕೂಸನ್ನು ತಾವೇ ಎತ್ತಿಕೊಂಡು ಥಿಯೇಟರಿಗೆ ನಡೆದರು. ಕಟ್ಟಿಕೊಂಡಿದ್ದ ನಳಿಕೆ ಬದಲಾಯಿಸಿದರು.

ಮರುದಿನ ನಾನು ವಾರ್ಡಿಗೆ ಬರುವಾಗ ಮೆಟ್ಟಿಲ ಕೆಳಗೇ ಆ ಅಳು ಕೇಳಿಸಿತು. ಮೇಲೆ ಹೋದರೆ ಪಕ್ಕದ ಹಾಸಿಗೆಯ ತಾಯಿ ಆಗಲೇ ಸಿಸ್ಟರ್ ಹತ್ತಿರ ದೂರು ಕೊಡುತ್ತಿದ್ದಳು. ಪರಾಂಜಪೆ ಸರ್ ರೌಂಡಿಗೆ ಬಂದು, ಆ ಹಾಸಿಗೆಯ ಮುಂದೆ ನಿಂತು, ಸಂಗೀತ ಕಛೇರಿಯಲ್ಲಿ ಕೂತವರಂತೆ ಸ್ವಲ್ಪ ಹೊತ್ತು ಕೇಳಿದರು. "ಛಾನ್", ಸೊಗಸಾಗಿದೆ, ಎಂದರು. ಮುಂದಿನ ಹಾಸಿಗೆಗೆ ಹೋದರು.

ನೀಲವ್ವ ನನ್ನನ್ನು ಹಿಡಿದು ನಿಲ್ಲಿಸಿದಳು. ಅವಳ ಕಣ್ಣು ಅತ್ತು ಅತ್ತು ಬಾತಿತ್ತು, ಆದರೆ ಅವಳಿಗೆ ಸಿಟ್ಟೂ ಬಂದಿತ್ತು. "ಬಾಯಾರ, ಅಳೂ ಕೂಸಿಗೆ ಬ್ಯಾನಿ ಅಂತೀರಿ. ಅಳದ ಕೂಸಿಗೂ ಬ್ಯಾನಿ ಅಂತೀರಿ. ನಾ ಏನಂತ ತಿಳೀಬೇಕ್ರಿ?"

ನ್ಯಾಯವಾದ ಪ್ರಶ್ನೆ. ನಮ್ಮ ಪುಸ್ತಕಗಳು ಇದಕ್ಕೆ ಉತ್ತರ ಕೊಡುವಾಗ ಬಹಳ ಪುಟ ತೆಗೆದುಕೊಳ್ಳುತ್ತವೆ. ನಾನು ಸ್ವಲ್ಪ ಯೋಚಿಸಿ, "ಮಂದಿ ಕೂಸಿನ ಜೋಡಿ ಹೋಲಿಸಬ್ಯಾಡ. ನಿನ್ನಿ ಸವಿತಾನ ಜೋಡಿ ಇವತ್ತಿನ ಸವಿತಾನ್ನ ಹೋಲಿಸಿ ನೋಡು. ಬ್ಯಾರೆ ಕಂಡ್ಲು ಅಂದ್ರ ನನಗ ಫೋನ್ ಮಾಡು, ಗುರುವಾರ ತನಕ ಕಾಯಬ್ಯಾಡ" ಎಂದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೂ ನಾನು ಹೇಳುವುದು ಇಷ್ಟೇ. ತಾಯಿಗೆ ಲಕ್ಷಣಗಳನ್ನು ಬಾಯಿಪಾಠ ಮಾಡಿಸಬೇಡಿ. ಅವಳ ಮಗುವನ್ನು ಅವಳಷ್ಟು ನೋಡಿದವರು ಯಾರೂ ಇಲ್ಲ. ಯಾವುದನ್ನು ಹೇಳಬೇಕು ಎಂಬುದು ಮಾತ್ರ ಅವಳಿಗೆ ತಿಳಿದಿರುವುದಿಲ್ಲ.

ಆ ವಾರದ ಕೊನೆಗೆ ಫೋನಿನ ಬೀಗದ ಕೈ ನನ್ನ ಮೇಜಿನ ಮೇಲೆ ಇತ್ತು.

ವರ್ಷಗಳು ಕಳೆದವು. ಮೊಬೈಲುಗಳು ಬಂದವು, ಬೂತುಗಳು ಒಂದೊಂದಾಗಿ ಮುಚ್ಚಿದವು. ಕದಮ್ ಮಾಮಾ ತಮ್ಮ ಗಾಜಿನ ಪೆಟ್ಟಿಗೆಯಲ್ಲಿ ಬೇಕರಿ ತಿಂಡಿ ಇಟ್ಟು ಮಾರತೊಡಗಿದರು. ಮೊಬೈಲಿನಿಂದ ಅನುಕೂಲವಾಯಿತು, ಒಂದು ನಷ್ಟವೂ ಆಯಿತು. ಮೊದಲು ಫೋನಿನ ಆ ತುದಿಯಲ್ಲಿ ತಾಯಿ, ಕೂಸು ಇಬ್ಬರೂ ಒಂದೇ ಕಡೆ ಇರುತ್ತಿದ್ದರು. ಈಗ ಮೊಬೈಲು ಅಪ್ಪನ ಜೇಬಿನಲ್ಲಿ ಕಾರ್ಖಾನೆಗೆ ಹೋಗಿರುತ್ತಿತ್ತು. ಕೂಸು ಏನು ಮಾಡುತ್ತಿದೆ ಎಂದರೆ, "ನಾನು ಡ್ಯೂಟಿಯಲ್ಲಿದ್ದೇನೆ ಮ್ಯಾಡಮ್, ಆರಾಮಾಗಿಯೇ ಇರಬೇಕು" ಎಂಬ ಉತ್ತರ.

ಆಮೇಲೆ ಕ್ಯಾಮೆರಾ ಬಂತು. ಎರಡು ಸಾವಿರದ ದಶಕದ ನಡುವೆ ಶಿರೂರಿನ ಒಂದು ಸಣ್ಣ ಖಾಸಗಿ ದವಾಖಾನೆಯೊಡನೆ ನಮ್ಮ ಆಸ್ಪತ್ರೆ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಒಂದು ಕೋಣೆ, ಇಲ್ಲಿ ಒಂದು ಕೋಣೆ, ಎರಡೂ ಕಡೆ ಪರದೆ. ಆ ಕಡೆಯ ಊರುಗಳ ಮಕ್ಕಳು ಶಿರೂರಿಗೆ ಬಂದರೆ ಸಾಕು, ನಾವು ಇಲ್ಲಿಂದಲೇ ನೋಡುತ್ತೇವೆ. ಉದ್ಘಾಟನೆ ಆಯಿತು. ದೊಡ್ಡವರು ಮಾತಾಡಿದರು. ಅವರ ತುಟಿ ಮೊದಲು ಆಡುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. ಪರದೆಯಲ್ಲಿ ಎಲ್ಲರೂ ಸ್ವಲ್ಪ ಹಸಿರಾಗಿ ಕಾಣುತ್ತಿದ್ದರು. ಪರಾಂಜಪೆ ಸರ್ ಹಿಂದಿನ ಸಾಲಿನಲ್ಲಿ ಕೂತು, ಹಾರ ಹಾಕುವುದಕ್ಕೆ ಮುಂಚೆಯೇ ಎದ್ದು ಹೋದರು.

ಈ ಕ್ಯಾಮೆರಾದಿಂದ ಮೊದಮೊದಲು ನನಗೆ ಏನೂ ಕಾಣಲಿಲ್ಲ. ಕಾರಣ ಯಂತ್ರವಲ್ಲ. ಟಿವಿಯಲ್ಲಿ ಬರುತ್ತದೆ ಎಂದು ತಾಯಂದಿರು ಮಕ್ಕಳಿಗೆ ದಪ್ಪಗೆ ಪೌಡರ್ ಬಳಿದು, ಕಣ್ಣಿಗೆ ಕಾಡಿಗೆ ತೀಡಿ, ಹಬ್ಬದ ಅಂಗಿ ತೊಡಿಸಿ ಕರೆತರುತ್ತಿದ್ದರು. ಕಾಮಾಲೆ ಆದ ಮಗುವೂ ಬೆಳ್ಳಗೆ, ರಕ್ತ ಕಡಿಮೆಯಾದ ಮಗುವೂ ಬೆಳ್ಳಗೆ. ತುಟಿಗೆ ಬಣ್ಣ ಹಚ್ಚಿದ ಒಂದು ಮಗುವಿನ ಆರೋಗ್ಯವನ್ನು ನಾನೇ ಹೊಗಳಿದ್ದೆ. ಆಮೇಲೆ ಶಿರೂರಿನ ಕೋಣೆಯ ಹೊರಗೆ ಒಂದು ಬಕೆಟ್ ನೀರು, ಒಂದು ಟವೆಲ್ ಇಡಿಸಿದೆ. ಮೊದಲು ಮುಖ ತೊಳೆಯಬೇಕು, ಆಮೇಲೆ ಕ್ಯಾಮೆರಾ. ಇಡೀ ಯೋಜನೆಯಲ್ಲಿ ನನ್ನ ಕೊಡುಗೆ ಆ ಬಕೆಟ್ಟು.

ಸವಿತಾ ಆಗ ಆರನೆಯ ಇಯತ್ತೆ. ಮರಾಠಿ ಶಾಲೆ. ನೀಲವ್ವ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುತ್ತಿದ್ದಳು, ನನಗಿಂತ ಚೆನ್ನಾಗಿ ಮರಾಠಿ ಆಡುತ್ತಿದ್ದಳು. ನಿಯಮಿತ ತಪಾಸಣೆಗೆಂದು ಇಬ್ಬರೂ ಶಿರೂರಿಗೆ ಬಂದಿದ್ದರು. ಪರದೆಯಲ್ಲಿ ಹುಡುಗಿ ಕಂಡಳು. ಎರಡು ಉದ್ದ ಜಡೆ, ಮಡಚಿ ಕೆಂಪು ರಿಬ್ಬನ್ ಕಟ್ಟಿತ್ತು. ಮುಖ ತೊಳೆದು ಬಂದಿದ್ದಳು.

"ಹೆಂಗಿದ್ದೀ ಸವಿತಾ?"

"ಆರಾಮ್ ರೀ."

ನೀಲವ್ವ ಹೇಳಿದಳು: "ಆರಾಮ ಏನಿಲ್ರಿ. ಮುಂಜಾನೆ ಎದ್ದ ಕೂಡ್ಲೆ ನನ್ನ ಜೋಡಿ ಜಗಳಾ. ಏನೂ ತಿನ್ನೂದಿಲ್ಲ. ಬಚ್ಚಲದಾಗ ಹೋದ್ರ ಹೊರಗ ಬರೂದಿಲ್ಲ. ಮೊದಲ ಹಿಂಗಿರಲಿಲ್ರಿ."

ಕಣ್ಣನ್ನು ಮೇಲೆ ಕೆಳಗೆ ಆಡಿಸಲು ಹೇಳಿದೆ. ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಸರಿಯಾದಾಗ ಹುಡುಗಿ ನೆಲ ನೋಡುತ್ತಿದ್ದಳು. ಅದು ರೋಗವೋ ಮೊಂಡುತನವೋ ಹೇಳುವಂತಿರಲಿಲ್ಲ. ನೀಲವ್ವನಿಗೂ ಅಲ್ಲಿದ್ದ ನರ್ಸಿಗೂ ಸ್ವಲ್ಪ ಹೊತ್ತು ಹೊರಗೆ ಇರಲು ಹೇಳಿದೆ. ಬಾಗಿಲು ಮುಚ್ಚಿತು.

"ತಲಿ ನೋಯ್ತದೇನು ಸವಿತಾ?"

ಹುಡುಗಿ ಬಾಗಿಲ ಕಡೆ ನೋಡಿದಳು. "ಅವ್ವಗ ಹೇಳಬ್ಯಾಡ್ರಿ."

"ಅದು ಆಗೂದಿಲ್ಲ. ಆದ್ರ ಮೊದಲ ನನಗ ಹೇಳು."

"ಮುಂಜಾನೆ ನೋಯ್ತೈತ್ರಿ. ವಾಂತಿ ಬರತೈತಿ, ಬಚ್ಚಲದಾಗ ಮಾಡ್ಕೋತೀನಿ. ಸಾಲಿಗೆ ಹೋಗೂದ್ರಾಗ ಕಡಿಮಿ ಆಗತೈತಿ."

"ಯಾಕ ಯಾರಿಗೂ ಹೇಳಲಿಲ್ಲ?"

ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕೂದ್ಲಾ ಬೋಳಿಸ್ತೀರಿ."

ಅದು ನನ್ನ ಕೈಯಲ್ಲಿದ್ದ ವಿಷಯವಲ್ಲ. ತಲೆಯ ಆಪರೇಷನ್ ಎಂದರೆ ಪರಾಂಜಪೆ ಸರ್ ಪೂರ್ತಿ ತಲೆ ಬೋಳಿಸುತ್ತಿದ್ದರು. ಕೂದಲಿನಲ್ಲಿ ಸೋಂಕು ಇರುತ್ತದೆ, ಸೋಂಕಿನಲ್ಲಿ ಸಾವು ಇರುತ್ತದೆ ಎಂದು ಅವರಿಗೆ ಖಾತ್ರಿ. ಆ ಶಿಸ್ತಿನಿಂದ ಉಳಿದ ಮಕ್ಕಳನ್ನು ನಾನೇ ನೋಡಿದ್ದೆ. ಸುಳ್ಳು ಹೇಳಿ ಹುಡುಗಿಯನ್ನು ಕರೆಸಿಕೊಳ್ಳಬಹುದಿತ್ತು. ಆಮೇಲೆ ಅವಳು ಯಾವತ್ತೂ ಯಾವ ನೋವನ್ನೂ ನಮಗೆ ಹೇಳುತ್ತಿರಲಿಲ್ಲ. ಅವಳಿಗೆ ಈ ನಳಿಕೆ ಜೀವನಪೂರ್ತಿ ಇರುವುದು.

"ಅಲ್ಲೇ ಕೂಡು. ಎಲ್ಲೂ ಹೋಗಬ್ಯಾಡ" ಎಂದು ಹೇಳಿ, ಸರ್ ಇದ್ದ ಕೋಣೆಗೆ ಹೋಗಿ ವಿಷಯ ತಿಳಿಸಿದೆ. ಕೇಳಿಕೊಂಡು ಎದ್ದರು. ಕ್ಯಾಮೆರಾ ಕೋಣೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಎಲ್ಲಿ ನೋಡಬೇಕೆಂದು ತಿಳಿಯದೆ ಸ್ಪೀಕರಿಗೆ ನಮಸ್ಕಾರ ಮಾಡಿದರು. ನಾನು ಪರದೆಯ ಕಡೆ ತಿರುಗಿಸಿದೆ.

ಇಬ್ಬರೂ ಮರಾಠಿಯಲ್ಲಿ ಮಾತಾಡಿದರು.

"ನಿನಗೆ ಎಷ್ಟು ಕೂದಲು ಬೇಕು?" ಎಂದರು ಸರ್.

"ಎಲ್ಲಾ."

"ಅಷ್ಟು ಆಗುವುದಿಲ್ಲ. ಕಿವಿಯ ಹಿಂದೆ ನನಗೆ ಜಾಗ ಬೇಕು. ಅಂಗೈ ಅಗಲ."

ಹುಡುಗಿ ಯೋಚಿಸಿದಳು. "ಯಾರ ಅಂಗೈ?"

ಸರ್ ತಮ್ಮ ಕೈಯನ್ನು ಮುಂದೆ ಹಿಡಿದು ನೋಡಿಕೊಂಡರು. ಮೊದಲೇ ಹೇಳಿದೆನಲ್ಲ, ಅದು ದೊಡ್ಡ ಕೈ. "ನಿನ್ನದು" ಎಂದರು.

"ಶನಿವಾರ ಶಾಲೆಯಲ್ಲಿ ಗ್ಯಾದರಿಂಗ್ ಇದೆ. ನನ್ನ ನೃತ್ಯ ಇದೆ. ಅದು ಮುಗಿಸಿ ಬರ್ತೀನಿ."

"ಇಲ್ಲ. ಇವತ್ತೇ."

ಅವರು ಹೆದರಿಸಲಿಲ್ಲ. ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಚಿತ್ರ ಮತ್ತೆ ನಿಂತಿದೆಯೇನೋ ಎಂದು ನಾನು ಪರದೆಯ ಹತ್ತಿರ ಬಾಗಿ ನೋಡಿದೆ. ನಿಂತಿರಲಿಲ್ಲ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಆಮೇಲೆ ಕುರ್ಚಿಯಿಂದ ಎದ್ದು ಹೋಗಿ ತಾನೇ ಬಾಗಿಲು ತೆರೆದಳು. ಅವಳು ಕಾಣುತ್ತಿರಲಿಲ್ಲ, ದನಿ ಮಾತ್ರ ಬಂತು. "ಅವ್ವಾ, ನನ್ನ ತಲಿ ನೋಯ್ತೈತಿ."

ಸಂಜೆಯ ಹೊತ್ತಿಗೆ ಬಂದು ಸೇರಿದರು. ಪರೀಕ್ಷೆ ಮಾಡಿದಾಗ ಕಾರಣ ಸಿಕ್ಕಿತು. ಹುಡುಗಿ ಉದ್ದ ಬೆಳೆದಿದ್ದಳು, ನಳಿಕೆ ಬೆಳೆದಿರಲಿಲ್ಲ. ಅದರ ಕೆಳತುದಿ ಹೊಟ್ಟೆಯಿಂದ ಚರ್ಮದ ಕೆಳಗೇ ಮೇಲಕ್ಕೆ ಜಗ್ಗಿಕೊಂಡು ಬಂದಿತ್ತು, ತಲೆಯ ಕಡೆಯ ತುದಿ ಕಟ್ಟಿಕೊಂಡೂ ಇತ್ತು. ಎರಡೂ ತುದಿ ಬದಲಿಸಬೇಕಾಗಿತ್ತು. ಶನಿವಾರದ ತನಕ ಕಾದಿದ್ದರೆ ಏನಾಗುತ್ತಿತ್ತು ಎಂದು ನೀಲವ್ವ ಕೇಳಿದಳು. ಸರ್, "ಕಾಯಲಿಲ್ಲವಲ್ಲ" ಎಂದರು.

ಥಿಯೇಟರಿನಲ್ಲಿ ಮಂಪರು ಬರಿಸುವ ಮೊದಲು ಸರ್ ಹುಡುಗಿಯ ಬಲಗೈಯನ್ನು ಎತ್ತಿ ಅವಳ ಕಿವಿಯ ಹಿಂದೆ ಇಡಿಸಿದರು. ಅಂಗೈ ಸುತ್ತ ಪೆನ್ನಿನಿಂದ ಗೆರೆ ಎಳೆದರು. ಉಳಿದ ಕೂದಲನ್ನು ಔಷಧಿಯಲ್ಲಿ ತೊಳೆದು ಬಿಗಿಯಾಗಿ ಕಟ್ಟಿಸಿದರು. ಥಿಯೇಟರ್ ಸಿಸ್ಟರ್ ಇಷ್ಟು ವರ್ಷ ಇವರಿಂದಲೇ ಕಲಿತವರು. ಗಾಬರಿಯಾಗಿ, "ಸರ್, ಪೂರ್ತಿ ತೆಗೆಯುವುದಿಲ್ಲವೇ?" ಎಂದರು. "ಕರಾರು ಆಗಿದೆ" ಎಂದರು ಸರ್. ಆಪರೇಷನ್ ಆದ ಮೇಲೆ ಪ್ರತಿದಿನ ಎರಡು ಹೊತ್ತು ತಾವೇ ಬಂದು ಗಾಯ ನೋಡುತ್ತಿದ್ದರು. ಜ್ವರ ಬಂದಿತೇ ಎಂದು ಫೈಲ್ ನೋಡುತ್ತಿರಲಿಲ್ಲ, ಹಣೆ ಮುಟ್ಟಿ ನೋಡುತ್ತಿದ್ದರು. ಜ್ವರ ಬರಲಿಲ್ಲ. ಸವಿತಾ ಮನೆಗೆ ಹೋದಳು.

ಹದಿನೈದು ದಿನದ ಮೇಲೆ ಶಿರೂರಿನ ಪರದೆಯಲ್ಲಿ ಮತ್ತೆ ಬಂದಳು. ಸರ್ ಬೇರೆ ಕೆಲಸಕ್ಕೆ ಆ ಕಡೆ ಬಂದವರಂತೆ ಬಂದು ನನ್ನ ಹಿಂದೆ ನಿಂತಿದ್ದರು. ಹುಡುಗಿ ಊಟ ಮಾಡುತ್ತಾಳೆ, ತಲೆ ನೋವಿಲ್ಲ, ಜಗಳ ಮಾತ್ರ ಹಾಗೆಯೇ ಇದೆ ಎಂದಳು ನೀಲವ್ವ. ಗಾಯ ತೋರಿಸು ಎಂದೆ. ಸವಿತಾ ಕುರ್ಚಿ ತಿರುಗಿಸಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತಳು. ಎರಡು ಜಡೆಯ ಬದಲು ಒಂದೇ ಜಡೆ ಹಾಕಿಕೊಂಡು, ಅದನ್ನು ಬಲಗಿವಿಯ ಹಿಂದಿನಿಂದ ಒಂದು ಬಗೆಯಲ್ಲಿ ಸುತ್ತಿ ತಂದಿದ್ದಳು. ಬೋಳಾದ ಜಾಗ ಇದೆ ಎಂದು ತಿಳಿದವರಿಗೂ ಅದು ಎಲ್ಲಿದೆ ಎಂದು ಗೊತ್ತಾಗುವಂತಿರಲಿಲ್ಲ.

"ಕಾಣಸ್ತೈತೇನ್ರಿ?" ಎಂದಳು, ತಿರುಗದೆ.

"ಇಲ್ಲ" ಎಂದೆ. "ಏನೂ ಕಾಣೂದಿಲ್ಲ."

"ಖರೇನ?"

"ಖರೇನ. ಆದ್ರ ನಾವು ಹೊಲಿಗಿ ನೋಡಬೇಕಲ್ಲಾ, ಈಗ ಬಿಚ್ಚು."

ಅವಳಿಗೆ ಅವಸರ ಇರಲಿಲ್ಲ. ರಿಬ್ಬನ್ ಬಿಚ್ಚಿ, ಮಡಚಿ, ಅವ್ವನ ಕೈಗೆ ಕೊಟ್ಟಳು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಬಾಯಲ್ಲಿ ಹಿಡಿದುಕೊಂಡಳು. ಜಡೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆ ಎಳೆಯಾಗಿ ಬಿಡಿಸತೊಡಗಿದಳು. ಶಿರೂರಿನ ಕೋಣೆಯ ಹೊರಗೆ ಬಕೆಟ್ಟಿನ ಹತ್ತಿರ ಯಾವುದೋ ಮಗು ಮುಖ ತೊಳೆಸಿಕೊಳ್ಳಲು ಒಪ್ಪದೆ ಕಿರುಚುತ್ತಿತ್ತು. ನಾನೂ ಸರ್ ಕೂಡ ನೋಡುತ್ತಿದ್ದೆವು. ಕೂದಲು ಸರಿಸಿ ಕಿವಿಯ ಹಿಂದಿನ ಜಾಗವನ್ನು ಬೆಳಕಿಗೆ ಹಿಡಿದಳು. ಗಾಯ ಒಣಗಿತ್ತು. ಸುತ್ತ ಹೊಸ ಕೂದಲು ಮೂಡುತ್ತಿತ್ತು.

ಪರಾಂಜಪೆ ಸರ್ ನನ್ನ ಪಕ್ಕದ ಖಾಲಿ ಕುರ್ಚಿಯನ್ನು ಎಳೆದುಕೊಂಡು ಕೂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಆ ಕಿರುಚುವ ಮಗುವನ್ನು ಒಳಗೆ ಕರೆಯಲು ಹೇಳಿ" ಎಂದರು.